ನಾಕಾದಲ್ಲಿ ಕೂಗಿ ಹೇಳಿದ ಹೆಸರು

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೋದ ವಾರ ಕಣ್ಣು ತೋರಿಸಲು ಮೊಳಕಾಲ್ಮೂರಿನ ಆಸ್ಪತ್ರೆಗೆ ಹೋಗಿದ್ದೆ. ಮೊಮ್ಮಗಳು ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಅಷ್ಟರಲ್ಲಿ ಆಳೊಬ್ಬ ಬಂದು ಬಕೆಟ್ಟಿನಿಂದ ಬಿಳಿ ನೀರು ಚೆಲ್ಲಿ ನೆಲ ಒರೆಸತೊಡಗಿದ. ನಾನು ಎದ್ದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ.

"ಯಾಕಜ್ಜಿ, ವಾಸ್ನೆ ಆಗಲ್ವಾ?" ಎಂದಳು ಮೊಮ್ಮಗಳು.

"ವಾಸ್ನೆ ಆಗ್ತೈತೆ. ಚೆಲ್ಲೋರು ಆಗಲ್ಲ" ಎಂದೆ.

ಪಾಪ, ಆ ಆಳು ಏನು ಮಾಡಿದ್ದ! ನನ್ನ ಜಗಳ ಇರುವುದು ಪ್ಲೇಗು ಬಂದಿದ್ದ ಒಂದು ಚಳಿಗಾಲದ ಜೊತೆ. ಆಗ ಮೈಸೂರಿನಲ್ಲಿ ಎಳೆಯ ಮಹಾರಾಜರು ಪಟ್ಟವೇರಿ ಬಹಳ ದಿನವಾಗಿರಲಿಲ್ಲ. ನನಗೆ ಹತ್ತೊಂಬತ್ತು. ಆಗಿನ ಲೆಕ್ಕದಲ್ಲಿ ಮದುವೆಯ ವಯಸ್ಸು ದಾಟಿ, ನೆಂಟರ ಬಾಯಿಗೆ ಎಲೆ ಅಡಿಕೆಯಾಗುವ ವಯಸ್ಸು.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಮೊಳಕಾಲ್ಮೂರು ಮೈಸೂರು ದೊರೆಗಳ ಸೀಮೆ. ಆದರೆ ಊರು ಬಿಟ್ಟು ಮೂರು ದಿಕ್ಕಿಗೆ ಎತ್ತ ನಡೆದರೂ, ಮೈ ಬೆವರುವ ಮುಂಚೆ ಕುಂಪಣಿ ಸೀಮೆ ಸಿಕ್ಕುತ್ತಿತ್ತು. ಕುಂಪಣಿ ಹೋಗಿ ರಾಣಿ ಬಂದು, ರಾಣಿ ಹೋಗಿ ಮಗ ಬಂದಿದ್ದರೂ ನಮ್ಮ ಬಾಯಲ್ಲಿ ಅದು ಕುಂಪಣಿಯೇ. ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಮೊಣಕಾಲು ಮಟ್ಟ ನೀರು, ಉಳಿದಂತೆ ಬರೀ ಮರಳು. ಹಳ್ಳದ ನಡುವೆ ಅಲ್ಲಲ್ಲಿ ಗಡಿಕಲ್ಲು ನೆಟ್ಟಿದ್ದರು. ಕುರಿಗಳು ಅದಕ್ಕೆ ಮೈ ಉಜ್ಜುತ್ತಿದ್ದವು, ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅದು ಗಡಿ ಎಂದು ಯಾರೂ ಎಣಿಸಿರಲಿಲ್ಲ. ಹೆಣ್ಣು ಕೊಡುವುದು ತರುವುದು, ರೇಷ್ಮೆ ಸಾಲ ತರುವುದು, ಸತ್ತವರಿಗೆ ಅಳಲು ಹೋಗುವುದು, ಎಲ್ಲ ಹಳ್ಳ ದಾಟಿಯೇ.

ನಾವು ನೇಕಾರರು. ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕುಣಿಯಲ್ಲಿ ನಾನೇ ಇಳಿದು ಕೂತೆ. ಹೆಣ್ಣು ನೂಲು ಸುತ್ತಬೇಕು, ಗಂಡು ನೇಯಬೇಕು ಎಂಬುದು ಕೇರಿಯ ಮಾತು. ಕೇರಿಯವರು ಮಾತು ಕೊಟ್ಟರೇ ಹೊರತು ರಾಗಿ ಕೊಡಲಿಲ್ಲ. ಅದಕ್ಕೇ ಇಳಿದೆ. ನನ್ನ ಮದುವೆ ಹಳ್ಳದಾಚೆ, ರಾಯದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಿಶ್ಚಯವಾಗಿತ್ತು. ಅಪ್ಪನ ಸಾವಿನಿಂದ ಅದು ಒಮ್ಮೆ ಮುಂದಕ್ಕೆ ಹೋಗಿತ್ತು. ಹುಡುಗನ ಹೆಸರು ಹನುಮಂತಪ್ಪ. ಹೆಂಗಸು ಹೀಗೆ ಗಂಡನ ಹೆಸರನ್ನು ಮುಲಾಜಿಲ್ಲದೆ ಬರೆಯಬಹುದೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಿ, ಮುಂದೆ ಉತ್ತರ ಇದೆ. ಬರೆಯುವುದನ್ನು ನಾನು ಕಲಿತದ್ದು ಆಮೇಲೆ, ನನ್ನ ಮಗನ ಸ್ಲೇಟಿನ ಮೇಲೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಚಳ್ಳಕೆರೆಯ ಪೇಟೆಯಲ್ಲಿ ಇಲಿ ಸತ್ತು ಬಿದ್ದವು ಎಂಬ ಸುದ್ದಿ ಬಂತು. ಸುದ್ದಿಯ ಹಿಂದೆಯೇ ರೋಗವೂ ಬಂತು. ನಮ್ಮ ಕೇರಿಯಲ್ಲಿ ಮೊದಲು ಎಣ್ಣೆ ಅಂಗಡಿಯ ಅಟ್ಟದಿಂದ ಇಲಿ ಬಿತ್ತು. ಇಡೀ ಊರು ಪಾತ್ರೆ ಪಡಗ ಹೊತ್ತು ಗುಡ್ಡದ ಬುಡಕ್ಕೆ ಹೋಗಿ ಗುಡಿಸಲು ಹಾಕಿತು. ನಾನೂ ಅವ್ವನೂ ಪಾತ್ರೆಗಿಂತ ಮುಂಚೆ ಮಗ್ಗ ಹೊತ್ತೆವು. ಹುಣಸೆ ಮರದ ಬುಡದಲ್ಲಿ ಕುಣಿ ತೋಡಿ, ಬಯಲಿನಲ್ಲೇ ಮಗ್ಗ ಹೂಡಿದೆ. ಗುಡ್ಡದ ಗಾಳಿಗೆ ರೇಷ್ಮೆ ಎಳೆ ಪಟಪಟ ಕಡಿಯುತ್ತಿತ್ತು. ಕಡಿದದ್ದನ್ನು ಕೂಡಿಸುತ್ತಾ, ಬಯ್ಯುತ್ತಾ, ನನ್ನ ಧಾರೆಯ ಸೀರೆಯನ್ನು ನಾನೇ ನೇಯ್ದೆ. ಕೆಂಪು ಒಡಲು, ಬಿಳಿ ಅಂಚು. ದಿನಕ್ಕೊಂದು ಹೆಣ ಆ ದಾರಿಯಲ್ಲಿ ಹೋಗುತ್ತಿದ್ದಾಗ ಮದುವೆ ಸೀರೆ ನೇಯುತ್ತಾಳಲ್ಲ ಎಂದು ಆಡಿಕೊಂಡವರೂ ಇದ್ದರು. ನೇಯದೆ ಕೂತರೆ ಹೆಣ ಎದ್ದು ಬರುತ್ತಿತ್ತೇ?

ಪುಷ್ಯ ಮಾಸದ ಹೊತ್ತಿಗೆ ಕುಂಪಣಿಯವರು ಹಳ್ಳದುದ್ದಕ್ಕೂ ಜಾಲಿಮುಳ್ಳಿನ ಬೇಲಿ ಬಡಿದರು. ಗಾಡಿ ದಾರಿಗೆ ಅಡ್ಡವಾಗಿ ಬಿದಿರಿನ ಗಳ ಹಾಕಿ, ತಪಾಸಣೆಯ ನಾಕಾ ಮಾಡಿದರು. ಸೋಂಕಿನ ಸೀಮೆಯಿಂದ ಬರುವವರಿಗೆ ಪಾಸು ಬೇಕು. ಪಾಸು ಇದ್ದರೂ ಬಯಲಿನ ಕ್ಯಾಂಪಿನಲ್ಲಿ ಹತ್ತು ದಿನ ಕೂತು, ಜ್ವರ ಇಲ್ಲವೆಂದು ತೋರಿಸಬೇಕು. ಅಂದಿನಿಂದ ಬೀಗರು ಹಳ್ಳದ ಎರಡು ದಂಡೆಗೆ ಬಂದು ನಿಂತು ಕೂಗಿ ಮಾತಾಡುವುದು ಶುರುವಾಯಿತು. ಈ ಕಡೆಯಿಂದ ಒಬ್ಬಳು "ಅಣ್ಣ ಹೋಗ್ಬಿಟ್ಟ ಕಣೇ" ಎಂದು ಕೂಗಿದರೆ ಆ ಕಡೆ ತಂಗಿ ಮರಳಿನ ಮೇಲೆ ಬಿದ್ದು ಅಳುತ್ತಿದ್ದಳು. ಅವಳನ್ನು ಎತ್ತಿ ಕೂರಿಸಲು ಈ ಕಡೆಯವರಿಗೆ ಪಾಸು ಇರಲಿಲ್ಲ.

ಒಂದು ದಿನ ಹುಡುಗನ ದೊಡ್ಡಪ್ಪ ಆಚೆ ದಂಡೆಗೆ ಬಂದ. ತಂದೆಯಿಲ್ಲದ ಆ ಮನೆಗೆ ಅವನೇ ಯಜಮಾನ. ಎರಡು ದಂಡೆಯ ಜನವೂ ಕೇಳುವಂತೆ ಕೂಗಿದ:

"ಯುಗಾದಿ ಒಳಗೆ ಹುಡುಗಿ ನಮ್ಮನೆ ಹೊಸ್ತಿಲು ದಾಟಿದ್ರೆ ಸರಿ. ಇಲ್ದಿದ್ರೆ ರಾಯದುರ್ಗದಾಗೆ ನನ್ನ ಹೆಂಡ್ತಿ ಅಣ್ಣನ ಮಗಳು ಐತೆ. ನಮ್ಮ ಹುಡುಗ ಆ ಕಡೆ ಕಾಲಿಟ್ಟು ಮಾರಿ ಹೊತ್ಕೊಂಡ್ ಬಂದ್ರೆ ಮನೆಗೆ ಸೇರ್ಸಲ್ಲ, ಹೇಳಿರ್ತೀನಿ!"

ಪಕ್ಕದಲ್ಲಿ ಹನುಮಂತಪ್ಪ ತಲೆ ತಗ್ಗಿಸಿ ನಿಂತಿದ್ದ. ನನಗೆ ದೊಡ್ಡಪ್ಪನಿಗಿಂತ ಆ ತಗ್ಗಿದ ತಲೆಯ ಮೇಲೆ ಸಿಟ್ಟು ಬಂತು. ಆಮೇಲೆ ಅವನು ಬಗ್ಗಿ, ಯಾರಿಗೂ ಕಾಣದಂತೆ ನನ್ನ ಕಡೆ ಒಂದು ತಂಗಡಿ ಹೂವಿನ ಗೊಂಚಲು ಎಸೆದ. ಅದು ಅರ್ಧ ದಾರಿಯಲ್ಲಿ, ಗಡಿಕಲ್ಲಿನ ಹತ್ತಿರವೇ ಬಿತ್ತು. ಆದರೂ ಎಸೆದನಲ್ಲ. ಈ ಮದುವೆ ಮುರಿಯಲು ಬಿಡುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ನನ್ನ ಸೋದರಮಾವ ಗಾಡಿ ಕಟ್ಟಿದ. ಪಾಸು ಕೊಡುವ ಕಚೇರಿ ಚಳ್ಳಕೆರೆಯಲ್ಲಿತ್ತು. ನಾನು, ಅವ್ವ, ಮಾವ ಮೂವರೂ ಹೋದೆವು. ಚಳ್ಳಕೆರೆ ಪೇಟೆಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಂಬಳಿ ಸಂತೆ ನಡೆಯುತ್ತಿದ್ದ ಬಯಲಿನಲ್ಲಿ ಡೇರೆ ಹೊಡೆದು ಕಚೇರಿ ಮಾಡಿದ್ದರು. ಒಳಗೆ ಗುಮಾಸ್ತರು ಮೂಗಿಗೆ ಕರ್ಪೂರದ ಬಟ್ಟೆ ಕಟ್ಟಿಕೊಂಡು ಕೂತಿದ್ದರು.

"ಮದುವೆಗೆ ಪಾಸು ಕೊಡಂಗಿಲ್ಲ ಕಣ್ರಿ. ಜನ ಸೇರೋ ಕಾರ್ಯ ಯಾವುದಕ್ಕೂ ಇಲ್ಲ" ಎಂದರು.

"ಯಾರಿಗೂ ವಿನಾಯ್ತಿ ಇಲ್ವಾ ಸ್ವಾಮಿ?" ಎಂದ ಮಾವ.

"ಐತೆ. ಸರ್ಕಾರಿ ನೌಕರರಿಗೆ ಐತೆ, ಟಪಾಲಿನವರಿಗೆ ಐತೆ, ಸರ್ಕಾರದ ಸಾಮಾನು ಎಳೆಯೋ ಎತ್ತಿಗೆ ಐತೆ."

"ಎತ್ತಿಗೆ ಐತೆ, ನಮ್ಮುಡುಗಿಗೆ ಇಲ್ಲ!"

"ರೂಲು ನಾನು ಮಾಡಿದ್ದಲ್ಲಪ್ಪ."

ಮಾವ ಸೋತು ಎದ್ದ. ನಾನು ಏಳಲಿಲ್ಲ. "ಹಳ್ಳದ ಆ ಕಡೆ ಮನೆ ಇರೋರು ಈ ಕಡೆ ಸಿಕ್ಕಾಕ್ಕೊಂಡಿದ್ರೆ ಏನು ಮಾಡ್ಬೇಕು ಸ್ವಾಮಿ?" ಎಂದು ಕೇಳಿದೆ.

ಗುಮಾಸ್ತರು ಮೂಗಿನ ಬಟ್ಟೆ ಸರಿಸಿ ನನ್ನನ್ನು ನೋಡಿದರು. "ಅವ್ರ ಮನೆಗೆ ಅವ್ರು ಹೋಗೋದು ಬೇರೆ ಮಾತು. ಕಾಯಂ ಆ ಕಡೆಯೋರು ಅಂತ ನಾಕಾದಾಗೆ ಗೊತ್ತಾದ್ರೆ ಸಾಕು. ಕ್ಯಾಂಪಿನಾಗೆ ಹತ್ತು ದಿನ ಇದ್ದು ಹೋಗ್ಬೋದು."

"ಹೆಂಡ್ತಿ ಗಂಡನ ಮನೆಯೋಳಾ, ತವರಿನೋಳಾ?"

"ಗಂಡನ ಮನೆಯೋಳೇ. ಇದೇನು ಕೇಳೋದು!"

ಗಾಡಿ ಊರ ದಾರಿ ಹಿಡಿಯಿತು. ಅರ್ಧ ದಾರಿಯಲ್ಲಿ ಅವ್ವ ಎಂದಳು: "ಹೆಂಡ್ತಿಯಾದ್ರೆ ಬಿಡ್ತಾರಂತೆ. ಹೆಂಡ್ತಿಯಾಗಾಕೆ ಬಿಡಲ್ವಂತೆ. ಹಂಗಾದ್ರೆ ಬೇಲಿ ಈ ಕಡೆ ಇದ್ದಂಗೇ ಹೆಂಡ್ತಿ ಆಗ್ಬಿಡು, ಅತ್ಲಾಗೆ!"

ಮಾವ ಎತ್ತು ನಿಲ್ಲಿಸಿ ನಕ್ಕ. ಆ ಚಳಿಗಾಲದಲ್ಲಿ ನಾನು ಕೇಳಿದ ಮೊದಲ ನಗು ಅದು.

ಫಾಲ್ಗುಣದ ಒಂದು ಬೆಳಗ್ಗೆ ಹಳ್ಳದಲ್ಲಿ ನನ್ನ ಮದುವೆಯಾಯಿತು. ಬೇಲಿ ಆಚೆ ದಂಡೆಯ ಮೇಲೆ ಇದ್ದರೂ ಕಲ್ಲಿನವರೆಗಿನ ಮರಳು ಅವರದೇ ಸೀಮೆ, ನಾಕಾದ ದಾರಿಯಿಂದ ಅಲ್ಲಿಗೆ ಇಳಿಯಲು ಆ ಕಡೆಯವರಿಗೆ ಅಡ್ಡಿಯಿರಲಿಲ್ಲ. ಕಲ್ಲು ದಾಟಿದರೆ ಮಾತ್ರ ತಪ್ಪು. ಹನುಮಂತಪ್ಪ ತನ್ನ ತಾಯಿ, ತಂಗಿ ಸುಂಕಮ್ಮನ ಜೊತೆ ಗಡಿಕಲ್ಲಿನ ಆಚೆ ಕಂಬಳಿ ಹಾಸಿ ನಿಂತ. ದೊಡ್ಡಪ್ಪ ಬರಲಿಲ್ಲ. ನಾನು ಕಲ್ಲಿನ ಈಚೆ ನಿಂತೆ. ಹೂವಿನ ಸಂತೆ ಎಲ್ಲಿತ್ತು? ತಂಗಡಿ ಹೂವನ್ನೇ ಕಟ್ಟಿ ತೋರಣ ಮಾಡಿದ್ದರು, ಬಾಸಿಂಗಕ್ಕೂ ಅದನ್ನೇ ಸಿಕ್ಕಿಸಿದ್ದರು. ನಡುವೆ ಅಂತರಪಟ ಹಿಡಿದಾಗ ಅದು ಸರಿಯಾಗಿ ಕಲ್ಲಿನ ನೆತ್ತಿಯ ಮೇಲೆ ಬಂತು. ಆ ಕಲ್ಲು ನೆಟ್ಟ ದಿನದಿಂದ ಒಂದು ಒಳ್ಳೆಯ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಅಷ್ಟರಲ್ಲಿ ನಾಕಾದ ಪೇದೆ ಓಡಿ ಬಂದ. "ಏಯ್, ಏಯ್! ಈ ಕಡೆಯೋರು ಆ ಕಡೆ, ಆ ಕಡೆಯೋರು ಈ ಕಡೆ ಕಾಲಿಡಂಗಿಲ್ಲ!"

"ಯಾರು ಕಾಲಿಟ್ಟವ್ರೆ ತೋರ್ಸಪ್ಪ. ತಾಳಿ ಕಟ್ಟಾದು ಕೈಯಾಗೆ" ಎಂದ ಮಾವ.

ಪೇದೆ ಬಗ್ಗಿ ಎಲ್ಲರ ಕಾಲು ನೋಡಿದ. ಕಾಲುಗಳೆಲ್ಲ ಅವರವರ ಸೀಮೆಯಲ್ಲೇ ಇದ್ದವು. ಮದುವೆ ನೋಡುತ್ತಾ ಅಲ್ಲೇ ನಿಂತ. ನಾವು ಜೀರಿಗೆ ಬೆಲ್ಲ ತಲೆಯ ಮೇಲೆ ಇಟ್ಟುಕೊಂಡೆವು. ಅಂತರಪಟ ಸರಿಯಿತು. ಹನುಮಂತಪ್ಪ ಹೊಟ್ಟೆಯನ್ನು ಕಲ್ಲಿಗೆ ಆನಿಸಿ, ಮುಂದಕ್ಕೆ ಬಾಗಿ ತಾಳಿ ಕಟ್ಟಿದ. ಈ ಸಲ ಅವನ ತಲೆ ತಗ್ಗಿದ್ದು ನನಗೆ ಚೆನ್ನಾಗಿಯೇ ಕಂಡಿತು. ಎರಡು ದಂಡೆಯಿಂದ ಅಕ್ಷತೆ ಬಿತ್ತು. "ಅಕ್ಷತೆಗೂ ಪಾಸು ಕೇಳ್ರಲೇ!" ಎಂದು ಯಾರೋ ಕೂಗಿದರು. ಪೇದೆಯ ಪೇಟದಲ್ಲೂ ನಾಲ್ಕು ಕಾಳು ಕೂತಿದ್ದವು.

ಅವ್ವ ಹಳ್ಳದಲ್ಲೇ ನಿಂತಳು. ನನ್ನ ಸೆರಗು ಸರಿಮಾಡಿ, "ಕೇಳಿದ್ದಕ್ಕೆ ಉತ್ರ ಕೊಡು. ತಲೆ ತಗ್ಗಿಸ್ಬೇಡ" ಎಂದಳು. ಅಳಲಿಲ್ಲ. ನಾನು ಅತ್ತುಬಿಟ್ಟೆ.

ನಾಕಾದಲ್ಲಿ ಅಡ್ಡ ಹಾಕಿದ ಗಳದ ಈಚೆ ಹೆಂಗಸರ ಸಾಲು. ಆಚೆ, ತನ್ನ ಸೀಮೆಯಲ್ಲಿ, ಹನುಮಂತಪ್ಪ ಬಂದು ನಿಂತಿದ್ದ. ನಡುವೆ ಮೇಜು ಹಾಕಿಕೊಂಡು ಬಳ್ಳಾರಿ ಕಡೆಯಿಂದ ಬಂದ ಒಬ್ಬ ಗುಮಾಸ್ತ. ಅವನದು ಅರ್ಧ ತೆಲುಗು ಅರ್ಧ ಕನ್ನಡ. ನನಗಿಂತ ಮುಂದೆ ಕಂಕುಳಲ್ಲಿ ಕೂಸು ಹೊತ್ತ ಒಬ್ಬಳು ನಿಂತಿದ್ದಳು. ಬಾಣಂತನಕ್ಕೆ ತವರಿಗೆ ಬಂದು ಸಿಕ್ಕಿಹಾಕಿಕೊಂಡವಳು.

"ಮೊಗುಡಿ ಪೇರು ಚೆಪ್ಪಮ್ಮಾ. ಗಂಡನ ಹೆಸರು?" ಎಂದ ಗುಮಾಸ್ತ.

ಅವಳು ನಾಲಿಗೆ ಕಚ್ಚಿಕೊಂಡಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹಾಲು ಕುಡಿಯುವಾಗಲೇ ಕಲಿಸಿರುತ್ತಾರೆ. ಮನೆಯಲ್ಲಿ ಸುಖವಾಗಿರುವಾಗಲೇ ಹೇಳದವಳು, ಬೀದಿ ಬೀದಿಯಲ್ಲಿ ಗಂಡಸರು ಸಾಯುತ್ತಿರುವಾಗ ಹೇಳುತ್ತಾಳೆಯೇ? ಅವಳು ಕೈ ಎತ್ತಿ ಗುಡ್ಡ ತೋರಿಸಿದಳು. "ಜಟಿಂಗದ ಬೆಟ್ಟದ ಮ್ಯಾಲಿರೋ ದೇವ್ರ ಹೆಸ್ರು ಸ್ವಾಮಿ."

"ದೇವರ ಹೆಸರು ಬೇಡ ತಲ್ಲಿ, ಗಂಡನ ಹೆಸರು!"

"ಅದೇ ಸ್ವಾಮಿ. ಸೋಮಾರ ಒಪ್ಪತ್ತು ಮಾಡ್ತೀವಲ್ಲ…"

ಗುಮಾಸ್ತ ನೆತ್ತಿ ಚಚ್ಚಿಕೊಂಡ. "ಗಂಡನ ಹೆಸರು ಗೊತ್ತಿಲ್ಲ" ಎಂದು ಬರೆದು, ಹಿಂದಕ್ಕೆ ಹೋಗೆಂದು ಕೈ ಬೀಸಿದ. ಕೂಸಿನವಳು ಹೋಗಿ ಬೇವಿನ ಮರದ ಕೆಳಗೆ ಕುಸಿದಳು. ಅಲ್ಲಿ ಆಗಲೇ ಐದಾರು ಹೆಂಗಸರು ಕೂತಿದ್ದರು. ಎಲ್ಲರೂ ಹೆಸರು ಹೇಳಲಾರದೆ ಉಳಿದವರು.

ನನ್ನ ಸರದಿ ಬಂತು. ಆಚೆಯಿಂದ ಹನುಮಂತಪ್ಪ, "ಅವ್ಳು ನನ್ನ ಹೆಂಡ್ತಿ ಸ್ವಾಮಿ, ನನ್ನ ಹೆಸರು…" ಎಂದು ಬಾಯಿ ತೆರೆದ.

"ನೀನು ಸುಮ್ನಿರಯ್ಯಾ! ಮೊನ್ನೆ ಒಬ್ಬ ಮೂವರು ಹೆಂಡ್ರನ್ನ ಕರ್ಕೊಂಡ್ ಬಂದಿದ್ದ. ಒಬ್ಬಳಿಗೂ ಅವನ ಹೆಸರು ಗೊತ್ತಿಲ್ಲ. ಅವಳೇ ಹೇಳಲಿ."

ತಾಳಿಯ ಅರಿಸಿನ ಇನ್ನೂ ಹಸಿಯಾಗಿತ್ತು. ಕಟ್ಟಿ ಒಂದು ಗಳಿಗೆಯಾಗಿಲ್ಲ, ಹೆಸರು ಹೇಳಿ ನಾನೇ ಅವನನ್ನು ಕೊಂದುಕೊಂಡರೆ? ಮರದ ಕೆಳಗಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೇಳದಿದ್ದರೆ ನಾನೂ ಹೋಗಿ ಅವರ ಪಕ್ಕ ಕೂರಬೇಕು. ಯುಗಾದಿಗೆ ರಾಯದುರ್ಗದ ಹುಡುಗಿ ಆ ಮನೆಗೆ ಬರುತ್ತಾಳೆ.

ಆಗ ನೆನಪಾಯಿತು. ಹೆಂಡತಿ ಗಂಡನ ಹೆಸರು ಹೇಳಲೇಬೇಕಾದ ಜಾಗವೂ ಒಂದಿದೆ. ಮದುಮಗಳು ಗಂಡನ ಮನೆಗೆ ಮೊದಲ ಸಲ ಬಂದಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುತ್ತಾಳೆ. ಒಡಪು ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳಿದರೇ ದಾರಿ. ಅಲ್ಲಿ ದೋಷವಿಲ್ಲ. ಇವನೂ ಅಡ್ಡ ನಿಂತಿದ್ದಾನಲ್ಲ! ಇದಕ್ಕಿಂತ ದೊಡ್ಡ ಬಾಗಿಲು ಯಾವುದು? ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದದ್ದು ಬರಲಿ ಎಂದು ಕೂಗಿದೆ:

"ಸೀರೆಗೆ ಅಂಚು ಎರಡಾದ್ರೂ ಒಡಲು ಇರೋದು ಒಂದೇ,
ಸೀಮೆ ಕಲ್ಲು ನೆಡೋಕ್ ಮುಂಚೆ ಹಳ್ಳ ಇತ್ತಲ್ಲ ತಂದೆ,
ಹಳ್ಳದಾಗೆ ತಾಳಿ ಕಟ್ಟಿದ ಹನುಮಂತಪ್ಪ ಮುಂದೆ,
ಮನೆಗೆ ಹೊಂಟ ಹೆಂಡ್ತಿ ನಾನು, ಅವರ ಹಿಂದೆ ಹಿಂದೆ!"

ಹನುಮಂತಪ್ಪ ಬದುಕಿಯೇ ಇದ್ದ. ಕಿವಿ ಮಾತ್ರ ಕೆಂಪಗಾಗಿತ್ತು.

ಗುಮಾಸ್ತ ಲೇಖನಿ ಅದ್ದಿದ. "ಹನುಮಂತಪ್ಪ… ಸರಿ. ಎಷ್ಟು ದಿನ ಇರ್ತೀಯಮ್ಮ ಈ ಸೀಮೇಲಿ?" ಅದು ಅವನು ಎಲ್ಲರನ್ನೂ ಕೇಳುವ ಪ್ರಶ್ನೆ.

"ಸಾಯೋ ತನಕ" ಎಂದೆ.

ಅವನು ತಲೆಯೆತ್ತಿ ನೋಡಿದ. ಏನೋ ಬರೆದ. ಗಳ ಮೇಲಕ್ಕೆ ಎದ್ದಿತು.

ನಾನು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಕೂಗು ಕೇಳಿತು. ಕೂಸಿನವಳು ಎದ್ದು ಬಂದು ಮೇಜಿನ ಮುಂದೆ ನಿಂತಿದ್ದಳು. ಅವಳಿಗೆ ಒಡಪು ಹೊಳೆಯಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, "ರಾಮಲಿಂಗಪ್ಪ!" ಎಂದು ಬೆಟ್ಟಕ್ಕೆ ಕೇಳುವಂತೆ ಕಿರುಚಿದಳು. ಕೂಸು ಹೆದರಿ ಅತ್ತಿತು. ಅವಳ ಹಿಂದೆ ಇನ್ನೊಬ್ಬಳು "ತಿಪ್ಪೇಶಿ" ಎಂದಳು, ಮತ್ತೊಬ್ಬಳು "ಓಬಯ್ಯ" ಎಂದಳು. ಗುಮಾಸ್ತ "ಮೆಲ್ಲಗ, ಮೆಲ್ಲಗ!" ಎನ್ನುತ್ತಿದ್ದ. ಮೆಲ್ಲಗೆ ಹೇಳುವ ಕಾಲ ಮುಗಿದಿತ್ತು.

ಆಮೇಲೆ ಕ್ಯಾಂಪು. ಬಯಲಿನಲ್ಲಿ ಡೇರೆ, ಬೆಳಗಾದರೆ ಕಾಂಪೌಂಡರ್ ಬಂದು ಪ್ಲೇಗಿನ ಗಡ್ಡೆ ಎದ್ದಿದೆಯೇ ಎಂದು ಕಂಕುಳು ಮುಟ್ಟಿ ನೋಡುವುದು, ಉಟ್ಟ ಬಟ್ಟೆಯನ್ನೆಲ್ಲ ಬಿಳಿ ನೀರಿನ ತೊಟ್ಟಿಗೆ ಹಾಕುವುದು. ನನ್ನ ಧಾರೆ ಸೀರೆಗೂ ಕೈ ಹಾಕಿದರು. ಅತ್ತು ಕರೆದು ಹೇಳಿದೆ, ಬಯ್ದು ಹೇಳಿದೆ, ಕೇಳಲಿಲ್ಲ. ಕೊನೆಗೆ "ಮುಳುಗ್ಸಾದಾದ್ರೆ ನಾನೇ ಮುಳುಗಿಸ್ತೀನಿ, ನೇಯ್ದೋಳು ನಾನು" ಎಂದು ನಾನೇ ತೊಟ್ಟಿಗೆ ಇಳಿಸಿದೆ. ಕೆಂಪು ಬಣ್ಣ ಬಿಟ್ಟು ಬಿಳಿ ಅಂಚಿಗೆಲ್ಲ ಹತ್ತಿತು. ಗುಡ್ಡದ ಗಾಳಿ ಕೆಡಿಸಲಾರದ್ದನ್ನು ಒಂದು ತೊಟ್ಟಿ ನೀರು ಕೆಡಿಸಿತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಬೇಕೆಂದೂ ನನಗೆ ಆಸೆಯಿಲ್ಲ.

ಆ ವಾಸನೆಯ ಸೀರೆಯನ್ನೇ ಉಟ್ಟು ಗಂಡನ ಮನೆಗೆ ಹೋದೆ. ಯುಗಾದಿ ಇನ್ನೂ ಬಂದಿರಲಿಲ್ಲ. ಜಗಲಿಯ ಮೇಲೆ ದೊಡ್ಡಪ್ಪ ಮೆಟ್ಟಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದ. ನನ್ನನ್ನು ನೋಡಿದ, ಸೀರೆಯನ್ನು ನೋಡಿದ. ನಾನೂ ತಲೆ ತಗ್ಗಿಸದೆ ಅವನನ್ನು ನೋಡಿದೆ. ನಾಕಾದ ಕಥೆ ನನಗಿಂತ ಮುಂಚೆ ಊರು ಸೇರಿತ್ತು. ಅವನು ಮೆಲ್ಲಗೆ ಕಾಲು ಮಡಚಿಕೊಂಡ. "ಬಾರಮ್ಮ" ಎಂದ.

ಹೊಸ್ತಿಲಲ್ಲಿ ಸುಂಕಮ್ಮ ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಹೆಸ್ರು ಹೇಳು, ದಾರಿ ಬಿಡ್ತೀನಿ."

"ಇಡೀ ನಾಕಾಕ್ಕೆ ಕೇಳಂಗೆ ಹೇಳಿ ಬಂದೀನಿ ಕಣೇ. ಕುಂಪಣಿಯೋರೇ ದಾರಿ ಬಿಟ್ರು, ನೀನು ಬಿಡಲ್ವಾ?"

"ಅದು ಸರ್ಕಾರಕ್ಕೆ ಹೇಳಿದ್ದು ಅತ್ತಿಗೆ. ನನಗೆಲ್ಲಿ ಹೇಳ್ದೆ?"

ಎಲ್ಲರೂ ನಕ್ಕರು. ಹಿಂದೆ ಹನುಮಂತಪ್ಪ ನಿಂತಿದ್ದ. ಅಷ್ಟು ಜನರ ಮುಂದೆ ಗಂಟಲು ಹರಿಯುವಂತೆ ಕೂಗಿದವಳಿಗೆ ಈಗ ದನಿಯೇ ಹೊರಡಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆ ಎನ್ನುವವರು ಯಾವಾಗ ಬೇಕಾದರೂ ನಮ್ಮ ಮನೆಗೆ ಬರಬಹುದು. ನಮ್ಮವರು ಇವತ್ತಿಗೂ ಅದೇ ಜಗಲಿಯಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದಾರೆ, ಹಲ್ಲಿಲ್ಲದ ಬಾಯಲ್ಲಿ ನನ್ನನ್ನೇ ಬಯ್ಯುತ್ತಿದ್ದಾರೆ. ಆದರೆ ಆ ದಿನ ನನಗೆ ಅದೆಲ್ಲ ಗೊತ್ತಿರಲಿಲ್ಲ.

ಸುಂಕಮ್ಮನ ಹತ್ತಿರ ಹೋಗಿ ಅವಳ ಕಿವಿಯಲ್ಲಿ, ಅವಳೊಬ್ಬಳಿಗೇ ಕೇಳುವಂತೆ, ಆ ಹೆಸರು ಹೇಳಿದೆ. ಅವಳು ಕೈ ಇಳಿಸಿದಳು. ನಾನು ಬಲಗಾಲಿಟ್ಟು ಒಳಗೆ ಹೋದೆ.